ರಾಮಯ್ಯ ತೆಗೆದ ಸದ್ದು

ಸಾಸಿವೆ ಚಟಪಟ ಸಿಡಿಯುವುದರ ಹಿಂದೆ ಇನ್ನೊಂದು ಸದ್ದು, ಇದೆಯಲ್ಲ, ಇನ್ನೂ ಇದೆ, ನಡುಮನೆಯಲ್ಲಿ ರೇಡಿಯೋ ಗುಂಯ್ ಅನ್ನುತ್ತಲೇ ಇದೆ — ಅಲಮೇಲು ಸೌಟು ಹಿಡಿದು ಹಾಗೇ ನಿಂತಳು, ರೇಡಿಯೋ ರಿಪೇರಿಯ ರಾಮಯ್ಯ ಇನ್ನೂ ಆ ಸದ್ದನ್ನು ತೆಗೆದಿಲ್ಲ. ಸಿದ್ದಾಪುರದಿಂದ ಬೆಳಿಗ್ಗೆಯೇ ಸೈಕಲ್ಲು ತುಳಿದು ಬಂದಿದ್ದಾನೆ ಪುಣ್ಯಾತ್ಮ, ಜಯನಗರದ ಈ ಹೊಸ ಬೀದಿಗಳಲ್ಲಿ ದಾರಿಯಾದರೂ ತಪ್ಪಬಾರದಿತ್ತೆ. ಒಂದು ಕಂಡೆನ್ಸರ್ ಹೋಗಿದೆ ಸ್ವಾಮಿ, ಹೊಸದು ಹಾಕಿದ್ರೆ ಈ ಗುಂಯ್ ಎಲ್ಲಾ ನಿಂತೋಗುತ್ತೆ, ಅಂದಿದ್ದ ಬಂದವನೇ. ನಿಲ್ಸಪ್ಪ ಮೊದ್ಲು, ವಾರ್ತೆ ಓದೋರು ಕೊಡದೊಳಗೆ ಕೂತು ಓದ್ದಂಗಿರುತ್ತೆ, ಅಂದರು ಇವರು. ಇವರದೇನು ತಪ್ಪು, ದಿನವಿಡೀ ಫೈಲು ನೋಡಿ ಬಂದವರಿಗೆ ಸಂಜೆಯ ವಾರ್ತೆ ಒಂದೇ ಸುಖ, ಇವರಿಗೆ ಗೊತ್ತಿಲ್ಲವಲ್ಲ, ತಾನು ಹೇಳಿದ್ದರೆ ತಾನೆ — ಯುಗಾದಿಯ ಹಿಂದಿನ ದಿನ ಧೂಳು ಒರೆಸುವಾಗ ರೇಡಿಯೋದ ಮುಳ್ಳು ಜಾರಿ ಎರಡು ಸ್ಟೇಷನ್ನುಗಳ ನಡುವೆ ನಿಂತಿತು, ಮಾತಿಲ್ಲ, ಹಾಡಿಲ್ಲ, ಬರೀ ಗುಂಯ್, ಆಗ ಶೀಲ, ಐದು ವರ್ಷವಾದರೂ ಅಮ್ಮ ಕೂಗಿದ್ದೂ ಕೇಳಿಸದ ಮಗಳು ಶೀಲ, ಆಡುತ್ತಾ ಬಂದು ರೇಡಿಯೋದ ಮುಂದಿನ ಅದುರುವ ಬಟ್ಟೆಯ ಮೇಲೆ ಅಂಗೈ ಇಟ್ಟಳು. ಇಟ್ಟು ನಕ್ಕಳು. ಅಂದಿನಿಂದ ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ತಾಯಿ ಮಗಳ ಕಚೇರಿ, ಒಂದು ತಿರುಪು ತಿರುಗಿಸಿದರೆ ಸಣ್ಣ ಶಿಳ್ಳೆ ಏರುತ್ತದೆ, ಇಳಿಯುತ್ತದೆ, ಇನ್ನೊಂದಕ್ಕೆ ಗುಂಯ್ ದಪ್ಪವಾಗುತ್ತದೆ, ತೆಳ್ಳಗಾಗುತ್ತದೆ, ಶಿಳ್ಳೆ ತನಗೆ, ಗುಂಯ್ ಮಗಳಿಗೆ, ರಂಗೋಲಿಯ ಎಳೆಯ ಹಾಗೆ ಎಳೆದು, ನಿಲ್ಲಿಸಿ, ಮತ್ತೆ ಎಳೆದು. ಏನ್ರೀ ಅಲಮೇಲು, ನಿಮ್ಮ ರೇಡಿಯೋಗೆ ಹೊಟ್ಟೆನೋವಾ, ಅಂದಿದ್ದರು ಕಾಂಪೌಂಡಿನಾಚೆಯಿಂದ ಕಮಲಾದೇವಿ. ಹೂಂರೀ, ಓಮದ ನೀರು ಕುಡಿಸ್ತಿದೀನಿ. ಇವರಿಗೆ ಮಾತ್ರ ಹೇಗೆ ಹೇಳುವುದು, ಮಗಳಿಗೆ ಕಿವಿ ಬರುವುದಿಲ್ಲ ಎಂದು ಡಾಕ್ಟರು ಅಂದ ದಿನ ಇವರು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡರು, ಕೊಳಾಯಿ ನೀರು ನಿಂತ ಮೇಲೂ ಹೊರಗೆ ಬರಲಿಲ್ಲ, ಹೇಳಿದರೆ ಮತ್ತೆ ಆಸೆ, ಮತ್ತೆ ಆಸ್ಪತ್ರೆ, ಮತ್ತೆ ಆ ನಲ್ಲಿ —

ಬೆಸುಗೆಯ ಹೊಗೆ ಅಡುಗೆಮನೆಗೂ ಬಂತು. ನಡುಮನೆಯ ಬಾಗಿಲಿಗೆ ಬಂದು ನೋಡುತ್ತಾಳೆ, ರಾಮಯ್ಯ ಪೆಟ್ಟಿಗೆಯ ಹಿಂದೆ ಗ್ರಾಮಫೋನು ಸಿಕ್ಕಿಸುವ ತೂತಿಗೆ ತುಂಡು ತಂತಿ ಹಾಕಿ ತುದಿಯನ್ನು ಬೆರಳಿಂದ ಮುಟ್ಟಿದ, ರೇಡಿಯೋ ಗುರ್ರೆಂದಿತು. ಜೀವ ಇದೆ ಸ್ವಾಮಿ, ಮನುಷ್ಯರು ಮುಟ್ಟಿದ್ರೆ ಕೂಗುತ್ತೆ. ಆಮೇಲೆ ಬೆರಳು ತೆಗೆದು, ತಂತಿಯನ್ನು ಅಲ್ಲೇ ಬಿಟ್ಟು, ಮುಳ್ಳನ್ನು ಸ್ಟೇಷನ್ನುಗಳ ನಡುವೆ ನಿಲ್ಲಿಸಿದ, ಕೇಳಿ ಸ್ವಾಮಿ, ಏನಾದ್ರೂ ಇದೆಯಾ. ಏನೂ ಇಲ್ಲ. ಭೇಷ್, ಅಂದರು ಇವರು. ಶೀಲ ಎಲ್ಲಿದ್ದಳೋ, ಬಂದು ಬಟ್ಟೆಯ ಮೇಲೆ ಅಂಗೈ ಇಟ್ಟಳು. ಕಾದಳು. ಮಲಗಿದವರನ್ನು ಎಬ್ಬಿಸುವ ಹಾಗೆ ಮೆಲ್ಲಗೆ ತಟ್ಟಿದಳು, ತಿರುಗಿ ಅಮ್ಮನ ಮುಖ ನೋಡಿದಳು, ಅಯ್ಯೋ ಕಂದಾ, ಹಾಗೆ ನೋಡಬೇಡ — ಅಲಮೇಲು ಕೈಯನ್ನು ಸೆರಗಿಗೆ ಒರೆಸಿಕೊಂಡಿದ್ದು ಯಾವಾಗ, ಪೆಟ್ಟಿಗೆಯ ಹಿಂದೆ ಕೂತಿದ್ದು ಯಾವಾಗ, ಏಯ್, ಶಾಕ್ ಹೊಡೆಯುತ್ತೆ ಕಣೇ, ಅಂದರು ಇವರು, ನನ್ನನ್ನಲ್ಲ ರೀ, ಅವಳನ್ನ ನೋಡಿ, ತಂತಿಯ ತುದಿ ತಣ್ಣಗಿದೆ, ಬೆರಳು ತಾಗಿತು, ಗುಂಯ್, ತನ್ನ ಮೈಯಿಂದಲೇ ಹೋದ ಹಾಗೆ ಗುಂಯ್, ಮಗು ನಕ್ಕಿತು. ಎಷ್ಟು ದಿನದಿಂದ ಅಲಮೇಲು, ಎಂದು ಇವರು ಕೇಳುತ್ತಿದ್ದಾರೆ, ಬಗ್ಗಿ ಮಗಳ ಪಕ್ಕ ಕೂರುತ್ತಿದ್ದಾರೆ, ಒಗ್ಗರಣೆ ಸೀಯುತ್ತಿದೆ, ಸೀಯಲಿ, ಬೆರಳು ತೆಗೆದರೆ ನಿಂತುಹೋಗುತ್ತದೆ, ತೆಗೆಯುವುದಿಲ್ಲ, ಬಟ್ಟೆಯ ಮೇಲೆ ಆ ಅಂಗೈ, ಪುಟ್ಟ ಅಂಗೈ, ಅದರ ಪಕ್ಕಕ್ಕೆ ಈಗ ಇನ್ನೊಂದು ಅಂಗೈ