ಕಬ್ಬಿಣದ ನಾರು

ಹೆರ್ಮಿನಾ ಮೇಡಂ ಕೇಳಿದ್ದು ಒಂದೇ ಮಾತು. ಓಕ್ ನೆಲಕ್ಕೆ ಏನೋ ಬಳಿದಿದ್ದಾರೆ ಎಂದು ನೋಡಿದವರಿಗೆ ಗೊತ್ತಾಗಬಾರದು. ಹೊಳಪು ಬೇಡ, ಹಳದಿ ಬೇಡ, ಈಗ ತಾನೇ ಕೊಯ್ದ ಹಲಗೆಯ ಹಾಗೆ ಕಾಣಬೇಕು. ಅವರು ಒಸಿಯೆಕ್ ಊರಿನ ಹಲ್ಲಿನ ಡಾಕ್ಟರು. ಮೇಲುಪೇಟೆಯ ನೂರು ವರ್ಷದ ಮನೆ, ಮೀನಿನ ಮುಳ್ಳಿನ ಹಾಗೆ ಜೋಡಿಸಿದ ಹಲಗೆಗಳು.

"ಬಳಿದಿದ್ದು ಕಾಣಬಾರದು ಅಂದ್ರೆ ನಮ್ಮನ್ನ ಯಾಕೆ ಕರೆದಳಂತೆ? ಸುಮ್ನೆ ಗುಡಿಸಿಕೊಂಡಿದ್ರೆ ಆಗ್ತಿತ್ತು" ಎಂದು ಜೂಕಾ ಮೇಸ್ತ್ರಿ ನನ್ನ ಪಕ್ಕ ಗೊಣಗಿದರು.

"ಮೇಸ್ತ್ರಿ, ಕೇಳಿಸುತ್ತೆ ಅವರಿಗೆ."

"ಕೇಳಲಿ ಬಿಡೇ. ಬಾಯಿ ತೆಗೆಸಿ ಬೈಯೋ ಡಾಕ್ಟರಿಗೆ ಕಿವಿ ಯಾಕೆ?"

ನಾವು ಕೆಲಸಕ್ಕಿದ್ದವರು ಇಬ್ಬರೇ. ಮೇಸ್ತ್ರಿಗೆ ಅರವತ್ತನಾಲ್ಕು, ಪಿಂಚಣಿಗೆ ಇನ್ನು ಏಳು ತಿಂಗಳು. ಮೊಣಕಾಲು ಎರಡೂ ಹೋಗಿದ್ದವು. ಈ ಕೆಲಸ ಕೈತಪ್ಪಿದರೆ ಆ ವಯಸ್ಸಿನವರನ್ನು ಊರಲ್ಲಿ ಬೇರೆ ಯಾರೂ ಸೇರಿಸಿಕೊಳ್ಳುವುದಿಲ್ಲ ಎನ್ನುವುದು ಅವರಿಗೂ ಗೊತ್ತಿತ್ತು, ನಮ್ಮ ಧಣಿ ವೆದ್ರಾನ್‌ಗೂ ಗೊತ್ತಿತ್ತು. ಸುಮ್ಮನೆ ತೆಗೆದುಹಾಕಿದರೆ ಪರಿಹಾರ ಕೊಡಬೇಕು. ಕೆಲಸ ಕೆಡಿಸಿದರು ಎಂದು ತೆಗೆದುಹಾಕಿದರೆ ಏನೂ ಕೊಡಬೇಕಾಗಿಲ್ಲ.

ಈ ವೆದ್ರಾನ್ ಹದಿನೇಳನೇ ವಯಸ್ಸಿಗೆ ಇದೇ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತವನು. ಒಮ್ಮೆ ಹಸಿ ವಾರ್ನಿಶ್ ಮೇಲೆ ಕಾಲಿಟ್ಟಿದ್ದನಂತೆ. ಮೇಸ್ತ್ರಿ ಅದನ್ನು ನೋಡಿಯೂ ಬಾಯಿ ಬಿಡಲಿಲ್ಲ. ಮರುದಿನ ಮನೆಯವರ ಮುಂದೆ ಅವನೇ ಆ ಹೆಜ್ಜೆಯನ್ನು ಹುಡುಕಬೇಕಾಯಿತು. ಆಮೇಲೆ ಮೇಸ್ತ್ರಿ ಅವನನ್ನು ಮಂಡಿಯೂರಿಸಿ ಇಡೀ ಕೋಣೆಯನ್ನು ಕೈಯಲ್ಲಿ ಹಿಡಿಯುವ ಉಕ್ಕಿನ ಪಟ್ಟಿಯಿಂದ ಹೆರೆಸಿದರು. ನಡುನಡುವೆ "ಆ ಮೂಲೆ ಉಳೀತು ಕಣಪ್ಪಾ" ಎಂದು ಕೂಗುತ್ತಿದ್ದರಂತೆ. "ತಪ್ಪು ಕಂಡವನು ಹೇಳಬಾರದು, ಮಾಡಿದವನೇ ಕಾಣಬೇಕು. ಆಗಲೇ ಕೈ ಕಲಿಯೋದು" ಎನ್ನುವುದು ಮೇಸ್ತ್ರಿಯ ಪಾಠ. ಅದನ್ನು ನನಗೂ ಕಲಿಸಿದ್ದರು.

ಹೆರ್ಮಿನಾ ಮೇಡಂ ಕೇಳಿದ ನೋಟ ಬರಬೇಕಾದರೆ ನೀರಿನ ವಾರ್ನಿಶ್ಶೇ ಆಗಬೇಕು. ಹಾಲಿನ ಹಾಗೆ ಬೆಳ್ಳಗೆ, ವಾಸನೆಯೇ ಇಲ್ಲ. ಅಲ್ಲಿಯವರೆಗೆ ಅಂಥ ಮನೆಗಳಿಗೆಲ್ಲ ವೆದ್ರಾನ್ ನನ್ನನ್ನೇ ಕಳಿಸುತ್ತಿದ್ದ, ಹಳೆಯ ಎಣ್ಣೆ ವಾರ್ನಿಶ್‌ನ ಮನೆಗಳು ಮೇಸ್ತ್ರಿಗೆ. ಈ ಸಲ ಮಾತ್ರ, "ದೊಡ್ಡ ಮನೆ, ಮೇಸ್ತ್ರಿ. ನಿಮ್ಮ ಕೈಯೇ ಆಗಬೇಕು" ಎಂದ.

ಮೇಸ್ತ್ರಿ ಹಿಗ್ಗಿದರು. ಧಣಿಗೆ ತಮ್ಮ ಮೇಲೆ ವಿಶ್ವಾಸ ಮರಳಿತು ಎಂದುಕೊಂಡಿರಬೇಕು.

ಉಜ್ಜಿದ್ದು ಎರಡು ದಿನ. ಮೊದಲ ಕೋಟು ಬಳಿದು ಒಣಗಿಸಿದೆವು. ಎರಡನೆಯದಕ್ಕೆ ಮುಂಚೆ ನೆಲವನ್ನು ಹಗುರವಾಗಿ ತೀಡಬೇಕು. ನಾನು ನಯವಾದ ಉಪ್ಪು ಕಾಗದ ಹರಿಯುತ್ತಿದ್ದೆ. ಮೇಸ್ತ್ರಿ ತಮ್ಮ ಚೀಲದಿಂದ ಕಬ್ಬಿಣದ ನಾರಿನ ಉಂಡೆ ತೆಗೆದರು. ನಲವತ್ತು ವರ್ಷ ಅವರು ತೀಡಿದ್ದು ಅದರಿಂದಲೇ, ಎಣ್ಣೆ ವಾರ್ನಿಶ್‌ಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ನಾರಿನ ಪುಡಿ ಹಲಗೆಯ ಸಂದಿಯಲ್ಲಿ ಉಳಿಯುತ್ತದೆ. ಮೇಲೆ ನೀರಿನ ವಾರ್ನಿಶ್ ಬಿದ್ದರೆ ತುಕ್ಕು ಹಿಡಿದು ಓಕ್ ಮರ ಮಸಿಯ ಹಾಗೆ ಕಪ್ಪಾಗುತ್ತದೆ. ಡಬ್ಬಿಯ ಮೇಲೆ ಅದನ್ನು ಬರೆದಿದ್ದರು. ಡಬ್ಬಿ ಓದುವುದು ನೆಲ ಗೊತ್ತಿಲ್ಲದವರ ಕೆಲಸ ಎಂದು ಮೇಸ್ತ್ರಿಯ ನಂಬಿಕೆ.

ನಾನು ಬಾಯಿ ತೆರೆದೆ. ಬಾಗಿಲಲ್ಲಿ ವೆದ್ರಾನ್ ನಿಂತಿದ್ದ. ಅವನ ಕಣ್ಣು ನಾರಿನ ಮೇಲಿತ್ತು, ಆಮೇಲೆ ನನ್ನ ಮೇಲೆ ಬಂತು.

"ಯಾಸ್ನಾ, ಮಗಳು ಹೇಗಿದಾಳೆ? ದಿನಾ ಎರಡು ಗಂಟೆಗೆ ಅವಳನ್ನ ಕರಕೊಂಡು ಬರಬೇಕಲ್ವಾ?"

"ಹೂಂ."

"ಹೋಗು, ಹೋಗು. ನಾನೇನಾದ್ರೂ ಬೇಡ ಅಂದಿದೀನಾ ಯಾವತ್ತಾದ್ರೂ?"

ನಾನು ಉಪ್ಪು ಕಾಗದ ಮಡಿಚಿ ಜೇಬಿಗಿಟ್ಟೆ. ಮೇಸ್ತ್ರಿ ಕೋಣೆಯ ಉದ್ದಕ್ಕೂ ತೀಡಿದರು, ಗುಡಿಸಿದರು, ಎರಡನೆಯ ಕೋಟು ಬಳಿದರು. ಒಂದು ಎಳೆಯೂ ಹೆಚ್ಚುಕಮ್ಮಿಯಿಲ್ಲದ ಕೆಲಸ. ವೆದ್ರಾನ್ ಕೊನೆಯವರೆಗೆ ನಿಂತು ನೋಡಿದ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ನೆಲದ ತುಂಬ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಹೆರ್ಮಿನಾ ಮೇಡಂ ಹೊಸ್ತಿಲಲ್ಲೇ ಕುಳಿತುಬಿಟ್ಟರು. ಮೇಸ್ತ್ರಿ ಬಗ್ಗಿ ಉಗುರಿನಿಂದ ಕೆರೆದರು, ಬೆರಳನ್ನು ನಾಲಗೆಗೆ ಮುಟ್ಟಿಸಿದರು.

"ಮರದ್ದೇ ದೋಷ ಇರಬೇಕು" ಎಂದರು.

"ಮರಕ್ಕೆ ನೂರು ವರ್ಷ, ಮೇಸ್ತ್ರಿ. ನಿನ್ನೆವರೆಗೂ ಚೆನ್ನಾಗೇ ಇತ್ತು" ಎಂದ ವೆದ್ರಾನ್. ಆಮೇಲೆ ಮೇಡಂ ಕಡೆ ತಿರುಗಿ, "ಕಬ್ಬಿಣ ಮುಟ್ಟಿಸಬೇಡಿ ಅಂತ ಹೇಳಿದ್ದೆ ಮೇಡಂ. ಯಾಸ್ನಾ ಅಲ್ಲೇ ಇದ್ದಳು. ಹೇಳಿದ್ದೆ ತಾನೇ, ಯಾಸ್ನಾ?"

ಮೂರು ಜನರೂ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಆಗ ಮೇಸ್ತ್ರಿಯ ಮುಖದಲ್ಲಿ ಕೋಪ ಕಂಡಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅವರು ನೆಲ ನೋಡುತ್ತಾ, "ನಾನೇ ಸರಿಮಾಡ್ತೀನಿ, ಧಣಿ. ಉಜ್ಜೋ ಯಂತ್ರ ಕೊಡು" ಎಂದರು. ವೆದ್ರಾನ್‌ನನ್ನು ಅವರು ಧಣಿ ಎಂದು ಕರೆದಿದ್ದು ಅದೇ ಮೊದಲು.

"ಯಂತ್ರ ಬೇರೆ ಮನೇಲಿದೆ. ಉಕ್ಕಿನ ಪಟ್ಟಿ ಇದೆಯಲ್ಲ ನಿಮ್ಮತ್ರ?"

ಐದು ದಿನ ಹೆರೆದರು. ಮಂಡಿಗೆ ಹಳೆಯ ದಿಂಬು ಕಟ್ಟಿಕೊಂಡಿದ್ದರು. ಏಳಬೇಕಾದರೆ ಗೋಡೆ ಹಿಡಿಯಬೇಕಿತ್ತು. ವೆದ್ರಾನ್ ಅಡುಗೆಮನೆಯಲ್ಲಿ ಮೇಡಂ ಕೊಟ್ಟ ಕಾಫಿ ಕುಡಿಯುತ್ತಾ, ಗಸಗಸೆ ರೊಟ್ಟಿಯ ಚೂರು ತಿನ್ನುತ್ತಾ ಕೂಗುತ್ತಿದ್ದ: "ಆ ಮೂಲೆ ಉಳೀತು, ಮೇಸ್ತ್ರಿ!"

"ಬಂದೆ, ಬಂದೆ" ಎನ್ನುತ್ತಿದ್ದರು ಮೇಸ್ತ್ರಿ. ಒಮ್ಮೆ ನನ್ನತ್ತ ನೋಡಿ ನಕ್ಕರು ಕೂಡ. "ನೆಲ ಸರಿಹೋದ್ರೆ ಇವನು ಮರೀತಾನೆ ಬಿಡು. ಒಳ್ಳೇ ಹುಡುಗ, ಸ್ವಲ್ಪ ಕಹಿ ಅಷ್ಟೆ."

ವಾರ್ನಿಶ್ ಬಳಿಯಲು ವೆದ್ರಾನ್ ನನಗೇ ಹೇಳಿದ. ಬಳಿದೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ನೆಲ ಒಣಗಿದ ಮೇಲೆ ಮೊದಲು ನಡೆಯುವವನು ಅದನ್ನು ಮಾಡಿದ ಮೇಸ್ತ್ರಿ. ಕಾಲುಚೀಲದಲ್ಲಿ, ಈ ಗೋಡೆಯಿಂದ ಆ ಗೋಡೆಗೆ. ಅಲ್ಲಿಯವರೆಗೆ ಮನೆಯವರೂ ಹೊಸ್ತಿಲು ದಾಟುವುದಿಲ್ಲ. ಮರುದಿನ ಮಧ್ಯಾಹ್ನ ಒಂದೂವರೆಗೆ ಎಲ್ಲರೂ ಹೊಸ್ತಿಲ ಬಳಿ ನಿಂತೆವು. ಮೇಸ್ತ್ರಿ ಬೂಟು ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಕಾಲುಚೀಲ ಒಗೆದದ್ದು, ಹಿಮ್ಮಡಿಯಲ್ಲಿ ಬೇರೆ ಬಣ್ಣದ ದಾರದಿಂದ ಹೊಲಿದದ್ದು.

"ಯಾಸ್ನಾ, ನೀನು ನಡಿ. ಇವರ ಕೆಲಸ ನಿನ್ನೆಗೇ ಮುಗೀತು. ಕೆಲಸದಿಂದ ತೆಗೆದ ಕಾಗದ ಮನೆಗೆ ಕಳಿಸಿದೀನಿ" ಎಂದ ವೆದ್ರಾನ್.

ಮೇಸ್ತ್ರಿ ಹೊಸ್ತಿಲಿಗೆ ಎತ್ತಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು.

ನಾನು ನಡೆದೆ. ನೆಲ ತಣ್ಣಗಿತ್ತು, ಒಂದು ಚುಕ್ಕೆಯೂ ಇರಲಿಲ್ಲ. ಹಿಂದಿನಿಂದ ಹೆರ್ಮಿನಾ ಮೇಡಂ ಚಪ್ಪಾಳೆ ತಟ್ಟಿದರು. "ಅಯ್ಯೋ, ಎಷ್ಟು ಚೆನ್ನಾಗಿದೆ! ಏನೂ ಬಳಿದ ಹಾಗೇ ಇಲ್ಲ!"

ಮೆಟ್ಟಿಲ ಬಳಿ ಮೇಸ್ತ್ರಿ ಬೂಟು ಹಾಕಿಕೊಳ್ಳುತ್ತಿದ್ದರು. ಬಗ್ಗಲು ಆಗದೆ ದಾರ ಕಟ್ಟಿರಲಿಲ್ಲ.

"ನಾರು ತೆಗೆದಾಗ ನೀನು ನೋಡಿದ್ಯಾ?"

"ನೋಡಿದ್ದೆ, ಮೇಸ್ತ್ರಿ."

"ಕಪ್ಪಾಗುತ್ತೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಚೆನ್ನಾಗೇ ಕಲಿಸಿದೀನಿ" ಎಂದರು. ಆಮೇಲೆ ಕಾಲು ಮುಂದೆ ಚಾಚಿ, "ಈ ದಾರ ಒಂದು ಕಟ್ಟಿಕೊಡ್ತೀಯಾ, ಮಗಳೇ?"

ಗಡಿಯಾರ ನೋಡಿದೆ. ಎರಡಕ್ಕೆ ಹತ್ತು ನಿಮಿಷ. ಟ್ರಾಮ್ ತಪ್ಪಿದರೆ ಮಗಳು ಶಾಲೆಯ ಗೇಟಿನಲ್ಲಿ ಒಬ್ಬಳೇ ನಿಲ್ಲುತ್ತಾಳೆ.

"ಹೊತ್ತಾಯ್ತು, ಮೇಸ್ತ್ರಿ" ಎಂದು ಅವರ ಕಾಲು ದಾಟಿ ಇಳಿದು ಹೋದೆ.