ಗೌರಿ ಹುಣ್ಣಿಮೆಯ ಸಕ್ಕರೆ

ನೀಲಗಂಗವ್ವನ ಗಂಡ ಪ್ರಭುಲಿಂಗಪ್ಪ ಮಾಸ್ತರರಿಗೆ ಯಾವ ಶಬ್ದ ಕಿವಿಗೆ ಬಿದ್ದರೂ ಅದರ ಬೇರು ಅಗೆಯುವ ಚಟ. ರಾಣೆಬೆನ್ನೂರಿನ ಗಂಡಿನ ಮನೆಯಲ್ಲಿ ಮಗಳು ಐಶ್ವರ್ಯಳ ನಿಶ್ಚಯದ ದಿನ, ಬೀಗರೆಲ್ಲ ಬಾಯಿಗೆ ಸಕ್ಕರೆ ಹಾಕಿಕೊಳ್ಳುವಾಗಲಾದರೂ ಸುಮ್ಮನಿರಬಾರದೇ?

“ಸಕ್ಕರಿ ಅನ್ನೋದು ಶರ್ಕರಾದಿಂದ ಬಂದೈತ್ರಿ. ಮೊದಲ ಅದರ ಅರ್ಥ ಹರಳು, ಉಸುಕು ಅಂತಿತ್ತು. ಅದ ಶಬ್ದ ಅರಬರ ಕಡೆ ಹೋಗಿ, ಮುಂದ ಶುಗರ್ ಆತು,” ಎಂದು ಶುರು ಹಚ್ಚಿಕೊಂಡರು.

ಹುಡುಗನ ಅಜ್ಜಿ ಉಚ್ಚಂಗೆವ್ವ ಅಗಿಯುವುದನ್ನು ನಿಲ್ಲಿಸಿ, ಬಾಯಲ್ಲಿದ್ದದ್ದನ್ನು ಸೆರಗಿಗೆ ಉಗುಳಿದಳು. “ಒಳ್ಳೇ ಕೆಲಸದಾಗ ನಮ್ಮ ಬಾಯಾಗ ಉಸುಕ ಹಾಕಿದ್ರಲ್ರಿ ಬೀಗರ!”

ಅಂದಿನಿಂದ ಆ ಮನೆಯವರು, ಹುಡುಗನೂ ಸೇರಿ, ಫೋನು ಎತ್ತಲಿಲ್ಲ. ಇದ್ದ ಅರ್ಥ ಹೇಳಿದರೆ ತಪ್ಪೇನು ಎಂದು ಮಾಸ್ತರರು ಇನ್ನೂ ವಾದಿಸುತ್ತಲೇ ಇದ್ದರು.

ಗೌರಿ ಹುಣ್ಣಿಮೆ ಬಂತು. ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆ, ಸಕ್ಕರೆ ಗೊಂಬೆಗಳ ಆರತಿ ಬರಬೇಕು. ಬಾರದಿದ್ದರೆ ಸಂಬಂಧ ಮುರಿಯಿತೆಂದು ಓಣಿಯೇ ತೀರ್ಮಾನಿಸುತ್ತದೆ. ಬೆಳಿಗ್ಗೆಯಿಂದ ಐಶ್ವರ್ಯ ಬಾಗಿಲು ಬಿಟ್ಟು ಕದಲಿರಲಿಲ್ಲ. ನೋಡಿ ನೋಡಿ ನೀಲಗಂಗವ್ವ ಒಂದು ಉಪಾಯ ಹೂಡಿದಳು. ತಾನೇ ಕೊಂಡು ತಂದು ಬೀಗರು ಕೊಟ್ಟರೆಂದರಾಯಿತು! ತಮ್ಮೂರು ಹಾವೇರಿಯಲ್ಲೇ ಕೊಂಡರೆ ಓಣಿಗೆಲ್ಲ ಗೊತ್ತಾದೀತೆಂದು ಬ್ಯಾಡಗಿ ಬಸ್ಸು ಹತ್ತಿದಳು.

ಅಲ್ಲಿ ಸಲಾವುದ್ದೀನನ ಸಕ್ಕರೆ ಗೊಂಬೆಗಳ ಅಂಗಡಿಯಲ್ಲಿ, ಸಕ್ಕರೆ ಆನೆ ಆರಿಸುತ್ತ ಉಚ್ಚಂಗೆವ್ವನೇ ನಿಂತಿದ್ದಳು. ಕಂಕುಳಲ್ಲಿ ಹೊಸ ಸೀರೆ.

“ಇಲ್ಲೇ ಬ್ಯಾಡಗ್ಯಾಗ ಬ್ಯಾರೆ ಹುಡುಗೀನ್ನ ನೋಡೇವಿ,” ಎಂದಳು ಮುದುಕಿ, ಎಳ್ಳಷ್ಟೂ ಅಳುಕದೆ. “ಆಕಿಗೆ ಆರತಿ ಒಯ್ಯಾಕ ಬಂದೇನಿ. ನೀವ್ಯಾರಿಗೆ ಒಯ್ಯಾಕತ್ತೀರಿ?”

ನೀಲಗಂಗವ್ವ ಗೊಂಬೆಗಳ ಬೆಲೆ ಕೇಳುವವಳಂತೆ ಅಂಗಡಿಯವನ ಕಡೆ ತಿರುಗಿದಳು. ಮುದುಕಿ ಹೋದ ಮೇಲೆ, ಬರಿಗೈಯಲ್ಲಿ ಮಗಳ ಮುಂದೆ ನಿಲ್ಲುವ ಧೈರ್ಯವಿಲ್ಲದೆ, ಎರಡು ಆನೆ, ಒಂದು ನವಿಲು ಕಟ್ಟಿಸಿಕೊಂಡಳು.

ಮನೆಗೆ ಬಂದರೆ ಪಡಸಾಲೆಯ ತುಂಬ ಓಣಿಯ ಹೆಂಗಸರು.

“ಬೀಗರು ಬಸ್‌ಸ್ಟ್ಯಾಂಡಿನ್ಯಾಗ ಕೊಟ್ಟು ಹೋದ್ರು,” ಎಂದಳು. ಐಶ್ವರ್ಯಳ ಮುಖ ಅರಳಿತು. ನೀಲಗಂಗವ್ವನಿಗೆ ಅದನ್ನು ನೋಡಲಾಗಲಿಲ್ಲ.

“ಸೀರಿ ಎಲ್ಲೈತಿ?” ಎಂದಳು ಪಕ್ಕದ ಮನೆಯ ನಿರ್ಮಲಾ.

ನೀಲಗಂಗವ್ವನ ಕೈಯಲ್ಲಿದ್ದದ್ದು ಗೊಂಬೆಗಳ ಕಟ್ಟು ಮಾತ್ರ. ಸೀರೆಯ ನೆನಪೇ ಆಗಿರಲಿಲ್ಲ.

ಐಶ್ವರ್ಯ ತಾಯಿಯನ್ನೇ ದಿಟ್ಟಿಸಿದಳು. ಬೀಗರು ಏನೂ ಕೊಟ್ಟಿಲ್ಲವೆಂಬುದು ಅವಳಿಗೆ ತಿಳಿದುಹೋಯಿತು. ಆಮೇಲೆ ನಿರ್ಮಲಾಳ ಕಡೆ ತಿರುಗಿ, “ಕುಬಸಾ ಹೊಲಿಯಾಕ ಕೊಟ್ಟಾರಂತ್ರಿ, ಎರಡೂ ಕೂಡೇ ಕಳಸ್ತಾರ,” ಎಂದು ನಗುನಗುತ್ತ ಹೇಳಿ, ಆರತಿ ಹಚ್ಚಲು ಕುಳಿತಳು.