ಎರಡು ಸುತ್ತಿನ ಗಂಟು

ಹುರುಳಿಕಾಯಿಯ ನಾರು ತೆಗೆಯುತ್ತಲೇ ಶಿಲ್ಪ ಕಂಪ್ಯೂಟರಿನ ಕಡೆ ನೋಡಿದಳು. ನೂರಕ್ಕೆ ಹನ್ನೊಂದರಷ್ಟೇ ಮುಗಿದಿತ್ತು. ಕುಕ್ಕರ್ ಮೂರು ಸಲ ಕೂಗಿ ತಣ್ಣಗೂ ಆಗಿತ್ತು. ಮೊದಲೆಲ್ಲ ಅವಳು ಕಂಪ್ಯೂಟರಿನಲ್ಲಿ ಬಿಡಿಸಿದ ಸೀರೆ ಪರದೆಯ ಗೊಂಬೆಯ ಮೈಮೇಲೆ ನೆರಿಗೆ ಸಮೇತ ಇಳಿಯಲು ಒಂದು ಕೂಗು ಸಾಕಾಗುತ್ತಿತ್ತು. ಸುಟ್ಟುಹೋದ ಪವರ್ ಸಪ್ಲೈ ತೆಗೆದು ಹೊಸದು ಹಾಕಿದ ಮಾರನೆಯ ದಿನದಿಂದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಹೀಗೆ ತೆವಳುತ್ತಿತ್ತು. ಎರಡು ವಾರವಾಯಿತು.

ದೊಡ್ಡಬಳ್ಳಾಪುರ ಪೇಟೆಯಲ್ಲಿ ಸೀರೆ ಡಿಸೈನ್ ಆಫೀಸು ನಡೆಸುವ ಗಂಗಲಕ್ಷ್ಮಮ್ಮ ಖಡಾಖಂಡಿತ ಹೇಳಿದ್ದರು: ಶುಕ್ರವಾರದೊಳಗೆ ಆರು ಸೀರೆ ತೋರಿಸಿದರೆ ಸೋಮವಾರದಿಂದ ಕೆಲಸ, ಇಲ್ಲವಾದರೆ ಬೇರೆಯವರಿಗೆ. ಇವತ್ತು ಗುರುವಾರ. ಮುಗಿದದ್ದು ಎರಡೇ.

"ಇನ್ನೂ ಸೀರೆ ಉಟ್ಕೊಂಡಿಲ್ವೇನೇ ನಿನ್ ಬೊಂಬೆ?" ಜಗಲಿಯಿಂದ ಅತ್ತೆ ಮುನಿತಾಯಮ್ಮ ಕೂಗಿದಳು. "ಇಷ್ಟೊತ್ತಿಗೆ ನಾನು ಮೂರು ಹೆತ್ತಿದ್ದೆ. ನಿಂಗೆ ಅದೂ ಇಲ್ಲ, ಇದೂ ಇಲ್ಲ."

ಮಗ್ಗದ ಶೆಡ್ಡಿನಿಂದ ಊಟಕ್ಕೆ ಬಂದ ಗಂಡ ಚಲಪತಿ ತೋರುಬೆರಳಿನ ತುದಿಯಿಲ್ಲದ ಎಡಗೈಯಿಂದ ಹೆಂಡತಿಯ ತಲೆ ಸವರಿದ. "ನಿನ್ ತಮ್ಮನ ಕೈಗುಣ ಕಣೆ. ಬುಡು, ಮನಸ್ಸಿಗೆ ಹಚ್ಕೋಬೇಡ. ಸೋಮವಾರ ಆ ಕಂಪ್ಯೂಟರ್ ಜಾಗಕ್ಕೆ ನೂಲು ಸುತ್ತೋ ಮಿಷಿನ್ ಇಡ್ತೀನಿ. ನೀನೂ ಕಣ್ಮುಂದೆ ಇರ್ತೀಯ. ಆ ಡಬ್ಬ ಮಾತ್ರ ಬಿಚ್ಬೇಡ, ಶಾಕ್ ಹೊಡೀತದೆ."

ಹೊಸ ಪವರ್ ಸಪ್ಲೈ ಕೂರಿಸಿದ್ದು ತಮ್ಮ ಭೀಮರಾಜ. ಎರಡು ದಿನ ಬಿಟ್ಟು ಬಂದಾಗ, ಅವನ ಕೈಯಲ್ಲಿ ಮಜ್ಜಿಗೆ ಲೋಟ ಇರುವಾಗಲೇ, ಅತ್ತೆ ಬೀದಿಗೆ ಕೇಳುವಂತೆ "ಮುಟ್ಟಿದ್ದೆಲ್ಲ ಕೆಡಿಸೋ ವಂಶ" ಎಂದಿದ್ದಳು. ಲೋಟ ಕೆಳಗಿಟ್ಟು ಅವನು ಎದ್ದುಹೋಗಿದ್ದ. ಶಿಲ್ಪಳೂ ಅವನಿಗೆ ಫೋನು ಮಾಡಿ ಬೈದಳು. "ಗೊತ್ತಿಲ್ದಿದ್ರೆ ಯಾಕೋ ಕೈ ಹಾಕ್ದೆ?"

"ಅಕ್ಕ, ಕಾರ್ಡಿನ ಎರಡು ಬಾಯಿಗೂ ವೈರ್ ಕೊಟ್ಟಿದೀನಿ. ಅಮ್ಮನಾಣೆ."

ಅವಳು ಫೋನು ಇಟ್ಟುಬಿಟ್ಟಿದ್ದಳು. ಆಮೇಲೆ ಅವನು ಕರೆ ಮಾಡಿರಲಿಲ್ಲ.

ಚಲಪತಿ ಶೆಡ್ಡಿಗೆ ಮರಳಿದ. ಶಿಲ್ಪ ಕಂಪ್ಯೂಟರನ್ನು ಮತ್ತೆ ಆರಿಸಿ ಹೊತ್ತಿಸಿದಳು. ಮೂಲೆಯಲ್ಲಿ ಎಂದಿನಂತೆ ಇಂಗ್ಲಿಷಿನ ಒಂದು ಸಣ್ಣ ಸೂಚನೆ ಮೂಡಿತು. ದಿನಾ ಓದದೆ ಒರೆಸಿಹಾಕುತ್ತಿದ್ದುದನ್ನು ಇವತ್ತು ಓದಿದಳು. ಕಾರ್ಡಿಗೆ ಸಾಕಷ್ಟು ಕರೆಂಟು ಬರುತ್ತಿಲ್ಲ, ಅದಕ್ಕೇ ವೇಗ ತಗ್ಗಿಸಿದೆ ಎಂದಿತ್ತು.

ಎರಡು ಬಾಯಿ.

ಪ್ಲಗ್ಗು ಕಿತ್ತು, ಡಬ್ಬದ ಪಕ್ಕದ ತಗಡು ಬಿಚ್ಚಿ ಟಾರ್ಚು ಹಿಡಿದಳು. ಕಾರ್ಡಿನ ಒಂದು ಬಾಯಿಗೆ ವೈರಿತ್ತು, ಇನ್ನೊಂದು ಖಾಲಿ. ಅಲ್ಲಿರಬೇಕಾದ ವೈರನ್ನು ಮಡಚಿ, ಹಿಂದಕ್ಕೆ ಸರಿಸಿ, ಕುಂಕುಮ ಬಣ್ಣದ ರೇಷ್ಮೆ ಎಳೆಯಿಂದ ಕಟ್ಟಿದ್ದರು. ನೇಕಾರರು ಕಡಿದುಹೋದ ಎಳೆಗೆ ಹಾಕುವ ಗಂಟು ಅದು. ಎಲ್ಲರೂ ಒಂದು ಸುತ್ತು ಹಾಕಿ ಎಳೆಯುತ್ತಾರೆ. ಇದಕ್ಕೆ ಎರಡು ಸುತ್ತಿತ್ತು. ಮಗ್ಗಕ್ಕೆ ಸಿಕ್ಕಿ ಎಡಗೈಯ ತೋರುಬೆರಳಿನ ತುದಿ ಕಳೆದುಕೊಂಡವನಿಗೆ ಒಂದು ಸುತ್ತಿನ ಗಂಟು ನಿಲ್ಲುವುದಿಲ್ಲ. ಮದುವೆಯಾದ ಒಂಬತ್ತು ವರ್ಷದಿಂದ ಅವಳು ಆ ಗಂಟು ನೋಡುತ್ತಿದ್ದಳು.

ಕಾರ್ಡು ಪೂರ್ತಿ ಸಾಯದಂತೆ ಒಂದು ವೈರು ಬಿಟ್ಟಿದ್ದ. ಅಷ್ಟು ಲೆಕ್ಕವಾಗಿ ಮಾಡಿದ್ದ.

ಹಲ್ಲಿನಿಂದ ಎಳೆ ಕಡಿದು ವೈರು ಚುಚ್ಚಿದಳು. ಬೇಳೆ ಇಟ್ಟ ಕುಕ್ಕರ್ ಒಮ್ಮೆ ಕೂಗುವುದರೊಳಗೆ ಮೂರನೆಯ ಸೀರೆ ನೆರಿಗೆ ಬಿಚ್ಚಿ ನಿಂತಿತು. ಸಂಜೆ ಸಾರಿಗೆ ಒಗ್ಗರಣೆ ಬೀಳುವ ಮೊದಲೇ ಆರೂ ಸೀರೆ ಗಂಗಲಕ್ಷ್ಮಮ್ಮನ ಫೋನಿಗೆ ಹೋದವು. ಸೋಮವಾರ ಒಂಬತ್ತಕ್ಕೆ ಬಾ ಎಂದು ಉತ್ತರ ಬಂತು. ಅದನ್ನು ಓದಿ ಅಳಿಸಿದಳು.

"ಸರಿ ಹೋಯ್ತೇನೆ?" ಕೈಕಾಲು ತೊಳೆಯುತ್ತ ಚಲಪತಿ ಕೇಳಿದ.

"ಇಲ್ಲ. ಹಂಗೇ ಐತೆ."

ಅವನ ಮುಖ ಹಗುರಾಯಿತು. ಅವಳು ಅದನ್ನು ನೋಡಿದಳು.

"ಆ ಭೀಮರಾಜನ ಕೈ ಸೇದೋಗ," ಎಂದಳು ಮುನಿತಾಯಮ್ಮ.

ಸೋಮವಾರದವರೆಗೆ ತಪ್ಪು ತಮ್ಮನ ತಲೆಯ ಮೇಲೇ ಇರಬೇಕು. ಅವನಿಗೆ ಗೊತ್ತಾದರೆ ನಾಳೆಯೇ ಇಲ್ಲಿಗೆ ನುಗ್ಗುತ್ತಾನೆ. ಇವರಿಗೆ ಗೊತ್ತಾದರೆ ಹೊಸ್ತಿಲೇ ದಾಟಲು ಬಿಡುವುದಿಲ್ಲ.

"ಹೂಂ ಅತ್ತೆ, ಅವನದೇ ತಪ್ಪು," ಎಂದಳು ಶಿಲ್ಪ. ಬಾಯೊಳಗೆ ಇನ್ನೂ ರೇಷ್ಮೆಯ ಒಗರು ಇತ್ತು.

ಗಂಡನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಸೋಮವಾರ ಬೆಳಗ್ಗೆ ಎಂಟು ಗಂಟೆಯ ಬಸ್ಸು ಹೊರಡುವಾಗ ಅವನು ಶೆಡ್ಡಿನಲ್ಲಿರುತ್ತಾನೆ. ಬಟ್ಟೆ ಎರಡು ಜೊತೆ ಸಾಕು. ಆ ಬಸ್ಸು ಹತ್ತಿದ ಮೇಲೆ ಅವಳು ಈ ಮನೆಗೆ ವಾಪಸು ಬರುವುದಿಲ್ಲ.